ಸಂಜೆ ನಾಲ್ಕರಿಂದ ಆರರವರೆಗೆ

ವಾರ್ನಿಷ್ ವಾಸನೆ ಇನ್ನೂ ಹೋಗಿಲ್ಲ, ಮೇಜಿನದೋ ಬೆಂಚಿನದೋ, ನಾಲ್ಕು ಹೊಡೆದು ಹತ್ತು ನಿಮಿಷ, ಯಾರೂ ಬಂದಿಲ್ಲ, ಇಂದೂ ಬರುವುದಿಲ್ಲ, ಪುರಸಭೆ ಮೆಂಬರು ಜನರನ್ನು ಕಾಣಲೆಂದು ಸರ್ಕಾರ ಕೊಟ್ಟ ಕೋಣೆ, ಮೇಜು, ಜಗಲಿಗೊಂದು ಬೆಂಚು, ರಬ್ಬರ್ ಸೀಲು, ಅದರಲ್ಲಿ ನನ್ನ ಹೆಸರು, ಗುರುಸ್ವಾಮಿ, ಸದಸ್ಯರು, ಕೊಳ್ಳೇಗಾಲ — ಅದನ್ನು ಕಂಡು ಚೌಡಯ್ಯ ನಕ್ಕಿದ್ದ, ಮಗ್ಗದ್ ಮುಂದೆ ಕೂತೇ ನಮ್ ಕಷ್ಟ ಕೇಳ್ತಿದ್ದೆ, ಇನ್ಮೇಲೆ ನಿನ್ ಮೊಕ ನೋಡಕ್ಕೂ ಅರ್ಜಿ ಹಾಕ್ಬೇಕೇನ್ಲಾ — ನಾನೂ ನಕ್ಕೆ, ಇಪ್ಪತ್ತು ವರ್ಷ ಪಕ್ಕದ ಮಗ್ಗದಲ್ಲಿ ರೇಷ್ಮೆ ನೇಯ್ದವನು, ಅವನ ಆ ಬಲಗೈ — ಬೇಡ, ಸುತ್ತೋಲೆಯನ್ನು ಮೂರು ಸಲ ಓದಿದ್ದೆ, ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ, ಒಂದು ಸಲಕ್ಕೆ ನಂಬಿಕೆ ಬರುವುದಿಲ್ಲ, ಸಾರ್ವಜನಿಕರನ್ನು ಕಚೇರಿಯಲ್ಲಿ ಸಂಜೆ ನಾಲ್ಕರಿಂದ ಆರರವರೆಗೆ ಕಾಣತಕ್ಕದ್ದು, ಕಾಣತಕ್ಕದ್ದು ಎಂದರೆ ಹಾಗೇ ತಾನೆ, ನಾನು ತಪ್ಪು ಓದಲಿಲ್ಲವಲ್ಲ.

ಚೌಡಯ್ಯನ ಹೆಂಡತಿ ವಸಂತಮ್ಮ ಬಂದದ್ದು ಬೆಳಿಗ್ಗೆ ಹತ್ತಕ್ಕೆ, ಮೊನ್ನೆ ಸೋಮವಾರ, ಅಲ್ಲ, ಅದರ ಹಿಂದಿನದು, ನಾನು ಮನೆಯಲ್ಲಿ ಮಗ್ಗದ ಮುಂದಿದ್ದೆ, ಅಣ್ಣಾ, ಇವ್ರಿಗೆ ಜ್ವರ ನೆತ್ತಿಗೇರ್ಯದೆ, ಮೈಸೂರಾಸ್ಪತ್ರೆಗೆ ಓಯ್ತೀವಿ, ಸೇರಿಸ್ಕೊಳ್ಳಿ ಅಂತ ಒಂದ್ ಚೀಟಿ ಬರ್ಕೊಡಿ, ಅನ್ನೊಂದ್ ಗಂಟೆಗೆ ಬಸ್ಸದೆ — ಸೀಲು ಇಲ್ಲಿತ್ತು, ಬೀಗದ ಕೈ ನನ್ನ ಸೊಂಟದಲ್ಲೇ, ಎಂಟು ಮನೆ ದಾಟಿದರೆ ಕೋಣೆ, ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ತೆಗೆದರೆ ತನ್ನ ಬೀದಿಯವರಿಗೊಂದು ಕಾನೂನು ಎಂದಾರು, ಸೀಲಿಲ್ಲದ ಚೀಟಿಯನ್ನು ಆಸ್ಪತ್ರೆಯವರು ಎಸೆದಾರು, ಸಂಜೆ ನಾಲ್ಕಕ್ಕೆ ಆಫೀಸಿಗೆ ಬಾರಮ್ಮ — ನಾನೇ ಅಂದದ್ದು, ಈ ಬಾಯಿಯೇ, ಅವಳು ಎದುರಾಡಲಿಲ್ಲ, ಆಗ್ಲಿ ಅಣ್ಣಾ, ರೂಲ್ಸಲ್ವಾ — ಹೋಗಿ ಅವನನ್ನು ನಡೆಸಿಕೊಂಡು ಬಂದು ಆಗಲೇ ಇಲ್ಲಿಯ ಬೆಂಚಿನ ಮೇಲೆ ಮಲಗಿಸಿದಳಂತೆ, ತಡವಾದರೆ ಸಾಲಿನಲ್ಲಿ ಹಿಂದಾದೇವೆಂದು, ಸಾಲೇ ಇರಲಿಲ್ಲ, ಇಡೀ ದಿನ ಅವರಿಬ್ಬರೇ, ನಾಲ್ಕಕ್ಕೆ ಬಂದೆ, ಒಂದು ನಿಮಿಷ ಮುಂಚೆಯೂ ಅಲ್ಲ, ದುಂಡಗೆ ಬರೆದೆ, ಸೀಲು ಮಸುಕಾಗಿ ಮೂಡಿತೆಂದು ಇನ್ನೊಮ್ಮೆ ಒತ್ತಿದೆ, ಮೈಸೂರಿಗೆ ದಿನಕ್ಕಿರುವುದು ಅದೊಂದೇ ಬಸ್ಸು, ಇನ್ನು ಮರುದಿನವೇ, ಮರುದಿನಕ್ಕೆ ಚೀಟಿ ಬೇಕಾಗಲಿಲ್ಲ.

ನಿನ್ನೆ ಪುರಸಭೆಯ ಗುಮಾಸ್ತ ಅಂದ, ನಿಮ್ ಸೈನ್ ಒಂದೇ ಸಾಕಿತ್ತಲ್ಲ ಸಾ, ಸೀಲು ಬರೀ ಚೆಂದಕ್ಕೆ — ವಸಂತಮ್ಮ ಬೈಯಲಿಲ್ಲ, ಬೈದಿದ್ದರೆ, ಎದುರಾದರೆ ಬೀದಿಯ ಅಂಚಿಗೆ ಸರಿದು ನಿಲ್ಲುತ್ತಾಳೆ, ಅಧಿಕಾರಿಗೆ ದಾರಿ ಬಿಡುವ ಹಾಗೆ, ಅಣ್ಣಾ ಅನ್ನುವುದಿಲ್ಲ, ನಾಲ್ಕೂಕಾಲು, ಹೊರಗೆ ಬೆಂಚು ಖಾಲಿ, ಖಾಲಿಯೇ, ಆದರೆ ಆ ಸೋಮವಾರ ನಾನು ಬೀಗ ತೆಗೆಯುವಾಗ ಅವನು ಅದೇ ಬೆಂಚಿನ ಮೇಲೆ ಕಣ್ಣು ಮುಚ್ಚಿಯೇ ನೇಯುತ್ತಿದ್ದ, ಲಾಳಿಯಿಲ್ಲ, ನೂಲಿಲ್ಲ, ಬಲಗೈ ಮಾತ್ರ ಗಾಳಿಯಲ್ಲಿ ಎಸೆಯುತ್ತಿತ್ತು, ಎಡಗೈ ಹಿಡಿಯುತ್ತಿತ್ತು, ಎಸೆಯುತ್ತಿತ್ತು, ಹಿಡಿಯುತ್ತಿತ್ತು, ಎಸೆಯುತ್ತಿತ್ತು —