ಇಬ್ಬರೂ ಸೇರಿ ಒಳಗೆ ತಂದ ಬಳ್ಳಿ

ಗಂಡ ಫರ್ಗಸ್‌ನನ್ನು ಮಣ್ಣು ಮಾಡಿ ಬಂದ ಮೇಲೂ ಎಲ್ಸ್‌ಪೆತ್ ಅಳಲಿಲ್ಲ. ಬಂದವರಿಗೆ ಚಹಾ ಕೊಟ್ಟಳು, ತಟ್ಟೆ ತೊಳೆದಳು, ಅಷ್ಟೇ. ಅಕ್ಟೋಬರ್ ಮುಗಿಯುತ್ತ ಬಂದರೂ ಅವನ ಬೋಗನ್‌ವಿಲ್ಲಾ ಬಳ್ಳಿ ದೊಡ್ಡ ಕುಂಡದಲ್ಲಿ ಅಂಗಳದ ಗೋಡೆಗೆ ಒರಗಿಕೊಂಡು ನಿಂತೇ ಇತ್ತು. ಅವನಿದ್ದಾಗ ಸೆಪ್ಟೆಂಬರ್‌ನಲ್ಲೇ ಗಾಜಿನ ಮನೆ ಸೇರಿಬಿಡುತ್ತಿತ್ತು. ಪರ್ತ್‌ಶೈರಿನ ಚಳಿಗೆ ಸಿಕ್ಕರೆ ಅದು ಕಪ್ಪಗಾಗಿ ಸಾಯುತ್ತದೆಂದು ಅವಳಿಗೂ ಗೊತ್ತು. ದಿನವೂ ಕಿಟಕಿಯಿಂದ ನೋಡುತ್ತಿದ್ದಳು. ಕೈ ಮಾತ್ರ ಏಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಬಾಗಿಲು ಬಡಿದವಳು ರೋನಾ, ಫರ್ಗಸ್‌ನ ಮೊದಲ ಹೆಂಡತಿ. ಇಷ್ಟು ವರ್ಷ ಇಬ್ಬರೂ ಮುಖ ಕೊಟ್ಟು ಮಾತಾಡಿದವರಲ್ಲ.

"ರೇಡಿಯೋ ಕೇಳಿಲ್ವಾ ನೀವು? ಇವತ್ತು ರಾತ್ರಿ ಹಿಮ ಬೀಳುತ್ತಂತೆ. ಈ ಬಳ್ಳಿ ನೋಡಿದ್ರೆ ಇನ್ನೂ ಹೊರಗೇ ಇದೆ! ಕಡ್ಡಿ ತಂದು ಬೇರು ಬರಿಸಿದ್ದು ನಾನು, ಗೊತ್ತಾ?"

"ಬೇಕಿದ್ರೆ ತಗೊಂಡು ಹೋಗಿ," ಎಂದಳು ಎಲ್ಸ್‌ಪೆತ್.

"ಈ ಚಳೀಲಿ ವ್ಯಾನಿಗೆ ಹಾಕಿದ್ರೆ ಮನೆ ಮುಟ್ಟೋ ಹೊತ್ತಿಗೆ ಸೌದೆ ಆಗಿರುತ್ತೆ. ಬನ್ನಿ, ಆ ಕಡೆ ಹಿಡೀರಿ. ನನ್ನ ಗಂಡನ್ನೇ ಹಿಡ್ಕೊಂಡೋರಿಗೆ ಒಂದು ಕುಂಡ ಹಿಡಿಯೋದೇನು ಕಷ್ಟ?"

ಹಿಂದೆ ಆಗಿದ್ದರೆ ಎಲ್ಸ್‌ಪೆತ್ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಈಗ ಸಿಟ್ಟೂ ಬರಲಿಲ್ಲ. ಹೋಗಿ ಕುಂಡ ಹಿಡಿದಳು.

ಎಳೆದು, ತಳ್ಳಿ, ಕೊನೆಗೆ ಗಾಜಿನ ಮನೆಯೊಳಗೆ ಸೇರಿಸಿದರು. ಚಾಚಿಕೊಂಡ ಕೊಂಬೆಗಳನ್ನು ರೋನಾ ಕತ್ತರಿಸುತ್ತ ಹೋದಳು, ಎಲ್ಸ್‌ಪೆತ್ ಬಾಚಿ ಎತ್ತಿದಳು.

"ಅಯ್ಯೋ, ಮುಳ್ಳು ಗೀರಿ ರಕ್ತ ಬರ್ತಿದೆಯಲ್ರೀ!"

ಎಲ್ಸ್‌ಪೆತ್ ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡು ಲಂಗಕ್ಕೆ ಒರೆಸಿದಳು.

"ಚಳಿ ಮುಗಿಯೋ ತನಕ ನೀರು ಒಂದೊಂದು ಗುಟುಕು, ಅಷ್ಟೇ," ಎಂದಳು ರೋನಾ. "ಅವನು ಪ್ರೀತಿ ಉಕ್ಕಿ ಸುರಿದೂ ಸುರಿದೂ ಬೇರು ಕೊಳೆಸ್ತಿದ್ದ."

"ನನ್ನ ಕಾಲದಲ್ಲೂ ಹಾಗೇ."

ರೋನಾ ಜೋರಾಗಿ ನಕ್ಕಳು. ನಗುತ್ತಲೇ ಬಕೆಟ್ ಬೋರಲು ಹಾಕಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಎಲ್ಸ್‌ಪೆತ್ ನಿಂತು ನೋಡಿದಳು.

"ನಿಮಗೆ ಅಳು ಬರುತ್ತೆ," ಎಂದಳು.

"ನಿಮಗೆ?"

"ಇಲ್ಲ."

ರೋನಾ ಮೂಗು ಒರೆಸಿಕೊಂಡು ಹೀಟರ್ ಹಚ್ಚಿದಳು.

ಆಮೇಲೆ ಭಾನುವಾರಗಳಲ್ಲಿ ಬಂದು ನೋಡಿಕೊಂಡು ಹೋಗುತ್ತಿದ್ದಳು. ಎಲೆಯೆಲ್ಲ ಉದುರಿ ಬರೀ ಮುಳ್ಳಿನ ಕಡ್ಡಿ ಉಳಿಯಿತು. ಮಾರ್ಚ್‌ನಲ್ಲಿ ಅರ್ಧ ಬಳ್ಳಿ ಒಣಗಿಹೋಗಿದ್ದು ಕಂಡಿತು. ಉಳಿದರ್ಧದಲ್ಲಿ ಕೆಂಪು ಚಿಗುರು.

"ಬದುಕ್ತು ಕಣ್ರೀ!" ಎಂದು ರೋನಾ ಅವಳ ತೋಳು ಹಿಡಿದು ಅಲುಗಾಡಿಸಿದಳು.

ಎಲ್ಸ್‌ಪೆತ್ ಬಗ್ಗಿ ನೋಡಿದಳು. ಚಿಗುರು ಇತ್ತು. ಗಾಳಿ ನುಗ್ಗುತ್ತಿದೆಯೆಂದು ಗಾಜಿನ ಬಾಗಿಲು ಮುಚ್ಚಿದಳು.

ಚಳಿ ಪೂರ್ತಿ ಕಳೆದ ಮೇಲೆ, ಜೂನ್‌ನಲ್ಲಿ, ಇಬ್ಬರೂ ಸೇರಿ ಕುಂಡವನ್ನು ರೋನಾಳ ವ್ಯಾನಿಗೆ ಹತ್ತಿಸಿದರು.

"ಹೂ ಬಿಟ್ಟಾಗ ನಮ್ಮನೆಗೆ ಬರಬೇಕು. ನೆಪ ಹೇಳ್ಬೇಡಿ."

"ನೋಡೋಣ."

ವ್ಯಾನು ತಿರುವು ದಾಟಿತು. ಎಲ್ಸ್‌ಪೆತ್ ಒಳಗೆ ಬಂದಳು. ಹಸಿವಾಗಿದೆಯೋ ಇಲ್ಲವೋ ತಿಳಿಯಲಿಲ್ಲ. ಎರಡು ತುಂಡು ಬ್ರೆಡ್ ಸುಟ್ಟು, ಬೆಣ್ಣೆ ಸವರಿ, ನಿಂತುಕೊಂಡೇ ತಿಂದಳು.