ನೀರಿನ ಗಾಜಿಗೆ ವಿಭೂತಿ

ಎಂಜಿನ್ನಿಗೆ ಪೂಜೆ ಬೇಡವೆನ್ನುವಷ್ಟು ನಾಸ್ತಿಕನಲ್ಲ ಪುಟ್ಟಯ್ಯ. ಉಗಿಬಂಡಿಗೆ ಕಲ್ಲಿದ್ದಲು ಹಾಕುತ್ತಿದ್ದ ಕಾಲದಲ್ಲಿ ತಾನೂ ಆಯುಧಪೂಜೆಗೆ ಕುಂಬಳಕಾಯಿ ಒಡೆದವನೇ. ಆದರೆ ಅಳಿಯ ಯೋಗರಾಜನ ಭಕ್ತಿಗೆ ತಲೆಬುಡವಿರಲಿಲ್ಲ. ಜನರಿಗೆ ತೋರಿಸಲೆಂದು ಹಳೇ ಉಗಿಬಂಡಿಯನ್ನು ಶಿವಮೊಗ್ಗದಿಂದ ಭದ್ರಾವತಿಗೆ ಓಡಿಸುವ ದಿನ, ಡ್ರೈವರ್ ತಾನೇ ಎಂಬ ಹುರುಪಿನಲ್ಲಿ ಕಂಡಕಂಡಲ್ಲೆಲ್ಲ ವಿಭೂತಿ ಬಳಿದಿದ್ದ. ಬಾಯ್ಲರಿನಲ್ಲಿ ನೀರೆಷ್ಟಿದೆ ಎಂದು ತೋರಿಸುವ ಎರಡು ಗಾಜುಗಳನ್ನೂ ಬಿಟ್ಟಿರಲಿಲ್ಲ.

ಹೊರಡುವ ಮುಂಚೆ ಎರಡು ಗಂಟೆ ಭಾಷಣ. ಹಳೇ ಕೆಲಸಗಾರ ಅಂತ ಪುಟ್ಟಯ್ಯನನ್ನು ವೇದಿಕೆಯ ಮೇಲೆ ಕೂರಿಸಿದ್ದರು. ಇತ್ತ ಬಾಯ್ಲರ್ ಸುಮ್ಮನೆ ಕುದಿಯುತ್ತಲೇ ಇತ್ತು. ಭಾಷಣ ಮುಗಿದು ಅಳಿಯನ ಜೊತೆ ಎಂಜಿನ್ ಹತ್ತಿದ ಪುಟ್ಟಯ್ಯನ ಕಣ್ಣು, ಗಾಡಿ ಊರು ದಾಟಿ ವೇಗ ಹಿಡಿದ ಮೇಲಷ್ಟೇ ಗಾಜಿನ ಮೇಲೆ ಬಿತ್ತು.

"ಒರೆಸು ಅದನ್ನ."

"ಪೂಜೆ ಮಾಡಿದ್ದನ್ನ ಒರೆಸ್ತಾರಾ ಮಾವ? ಬೆಳಿಗ್ಗೆನೇ ನೀರು ತುಂಬ್ಸಿದೀನಿ."

"ತುಂಬಿದ್ದು ಕುದ್ದು ಹೋಗಲ್ವಾ ಮಾರಾಯ!"

ಪುಟ್ಟಯ್ಯ ಹೆಗಲ ಟವೆಲ್ಲಿನಿಂದ ತಾನೇ ಒರೆಸಿದ. ಎರಡೂ ಗಾಜು ಖಾಲಿ. ಬೆನ್ನ ಹಿಂದಿನ ಮೊದಲ ಬೋಗಿಯಲ್ಲೇ ಮಗಳು ಶೀಲಾ, ಐದು ವರ್ಷದ ಮೊಮ್ಮಗಳು ಸಿರಿ ಕೂತಿದ್ದರು.

ಯೋಗರಾಜ ಬಿಳಿಚಿಕೊಂಡ. ನೀರಿಲ್ಲದಿದ್ದರೆ ನೀರು ಬಿಡಬೇಕು ಎಂದು ಯಾರಿಗಾದರೂ ತೋಚುವುದೇ ಅವನಿಗೂ ತೋಚಿತು. ನೀರಿನ ತಿರುಪಿಗೆ ಕೈ ಹಾಕಿದ. ನೀರಿಲ್ಲದೆ ಕೆಂಪಗೆ ಕಾದ ಒಲೆಯ ತಗಡಿಗೆ ತಣ್ಣೀರು ಬಿದ್ದರೆ ಬಾಯ್ಲರ್ ಸಿಡಿದು ಹಿಂದಿನ ಬೋಗಿಯೂ ಚಿಂದಿಯಾಗುತ್ತದೆಂದು ತರಬೇತಿಯಲ್ಲಿ ಕಲಿತದ್ದು ಗಾಬರಿಗೆ ಮರೆತೇಹೋಗಿತ್ತು.

"ನೀರು ಬಿಡ್ಬೇಡ! ಸಿಡಿಯುತ್ತೆ!"

ಎಂಜಿನ್ನಿನ ಅಬ್ಬರದಲ್ಲಿ ಮಾವನ ಕೂಗು ಅವನಿಗೆ ಕೇಳಿಸಲಿಲ್ಲ. ಪುಟ್ಟಯ್ಯ ಕಲ್ಲಿದ್ದಲಿನ ಸಲಿಕೆ ಎತ್ತಿ ಅಳಿಯನ ಮುಂಗೈ ಮೇಲೆ ಬಾರಿಸಿದ. ಮೂಳೆ ಲಟಕ್ಕೆಂದಿತು.

"ತಲೆ ಕೆಟ್ಟಿದ್ಯಾ ನಿಮ್ಗೆ!" ಯೋಗರಾಜ ಚೀರಿ ಮಾವನ ಎದೆಗೆ ಒದ್ದ. ಮುದುಕನ ಬಾಯಿ ಕಬ್ಬಿಣಕ್ಕೆ ಬಡಿದು ಎರಡು ಹಲ್ಲು ಉದುರಿದವು. ಅಷ್ಟರಲ್ಲಿ ಯೋಗರಾಜ ಇನ್ನೊಂದು ಕೈಯನ್ನು ತಿರುಪಿನತ್ತ ಚಾಚಿದ. ಪುಟ್ಟಯ್ಯ ರಕ್ತ ಉಗಿದು ಎದ್ದವನೇ ಅವನ ಕಿವಿಯ ಮೇಲೆ ಸಲಿಕೆ ಬೀಸಿದ. ಅಳಿಯ ಕಲ್ಲಿದ್ದಲ ಮೇಲೆ ಕುಸಿದ.

ಪುಟ್ಟಯ್ಯ ಉಗಿ ನಿಲ್ಲಿಸಿ ಬ್ರೇಕ್ ಹಾಕಿದ. ಒಲೆಯ ತಳ ತೆರೆದು ಬೆಂಕಿಯನ್ನೆಲ್ಲ ಹಳಿಯ ಮೇಲೆ ಸುರಿದ. ತಳ ತೆರೆಯಲು ಹಿಡಿದ ಕಾದ ಸರಳಿಗೆ ಅಂಗೈಯ ಚರ್ಮ ಅಂಟಿ ಸುಲಿದುಬಂತು. ಗಾಡಿ ನಿಂತಿತು. ಯೋಗರಾಜನ ಮೂಗಿನ ಹತ್ತಿರ ಬಾಗಿ ನೋಡಿದ. ಉಸಿರಿತ್ತು.

ಶೀಲಾ ಓಡಿಬಂದು ಎಂಜಿನ್ ಹತ್ತಿದಳು. ಅವಳಿಗೆ ಕಂಡದ್ದು ರಕ್ತದಲ್ಲಿ ಬಿದ್ದ ಗಂಡ, ಪಕ್ಕದಲ್ಲಿ ಅಪ್ಪನ ಸಲಿಕೆ.

"ಕೊಂದ್ಬಿಟ್ಯಾ ಅಪ್ಪಾ? ನನ್ ಗಂಡನ್ನ ಕೊಂದ್ಬಿಟ್ಯಾ?"

ಅಪ್ಪನ ಕಾಲರ್ ಹಿಡಿದು ಒಡೆದ ಬಾಯಿಯ ಮೇಲೆಯೇ ಹೊಡೆದಳು. ಮತ್ತೆ ಹೊಡೆದಳು. ಕೆಳಗೆ ಸಿರಿ ನಿಂತು ಅಳುತ್ತಿದ್ದಳು.

ಅಳಿಯ ಬದುಕಿದ್ದ, ಇವರೆಲ್ಲ ಬದುಕಿದ್ದರು. ಮಗಳ ಕೈ ಗಟ್ಟಿಯಾಗಿತ್ತು, ಬೆಚ್ಚಗಿತ್ತು. ಅಪ್ಪನಿಗೆ ಅಷ್ಟೇ ಸಾಕಾಗಿತ್ತು.

"ಹೊಡಿ ಮಗಳೇ," ಎಂದ ಪುಟ್ಟಯ್ಯ, ಸಂತೋಷಕ್ಕೆ ಬಿಕ್ಕುತ್ತ. "ಇನ್ನೂ ಹೊಡಿ."