ಗಿಡುಗಕ್ಕೊಂದು ಆಜ್ಞೆ

ವೈರು ದಾಳವನ್ನು ಎರಡು ಸಲ ಉರುಳಿಸಿದ. ನಾಲ್ಕು, ಆಮೇಲೆ ಏಳು. ಬಾಣ ಗುರಿ ತಪ್ಪಿ ಹೊಳೆಗೆ ಬಿತ್ತು.

"ಆ ಎರಡು ಸಲದ ದಾಳ ನಿನಗಲ್ಲ ಮಾರಾಯ, ಸರದಾರನಿಗೆ ಅಂತ ಗಿಡುಗ ಬಿಟ್ಟಿದ್ದು" ಎಂದ ತಮ್ಮ.

"ಮುಂದೆ ಯಾರು ಹೊಡೀತಾರೋ ಅವರಿಗೆ ಅಂತ ತಾನೇ ನಿಯಮ? ಮುಂದಿನ ಸರದಿ ನಂದೇ ಇತ್ತು. ಕೈ ಕಟ್ಕೊಂಡು ಕೂರೋಕೆ ನಾನೇನು ಮದುವೆ ಗಂಡಾ?"

"ಎತ್ತು ಏರಿಗೆ, ಕೋಣ ನೀರಿಗೆ" ಎಂದು ಗ್ರಂಥಪಾಲಕಿ ಗೊಣಗಿ ಬರೆದುಕೊಂಡರು.

ಭಾನುವಾರದ ಬೆಳಿಗ್ಗೆ, ಗ್ರಂಥಾಲಯಕ್ಕೆ ರಜೆ. ಹಿಂಬದಿಯ ಬೈಂಡಿಂಗ್ ಕೋಣೆಯಲ್ಲಿ, ಅಂಟಿನ ಕಲೆಗಳ ಉದ್ದ ಮೇಜಿನ ಮೇಲೆ ಚೌಕುಳಿ ಕಾಗದ ಹಾಸಿತ್ತು. ಅದರಲ್ಲೊಂದು ಸೇತುವೆ, ಸೇತುವೆಯ ನಡುವೆ ಹೆಬ್ಬೆರಳು ಗಾತ್ರದ ದೈತ್ಯ, ಅವನೆದುರು ಕತ್ತಿ ಹಿಡಿದ ಗೊಂಬೆ. ಕಥೆ ಕಟ್ಟಿ ಆಟ ನಡೆಸುವವರು ಗ್ರಂಥಪಾಲಕಿ. ಉಳಿದ ಮೂವರು ಅದರ ಪಾತ್ರಗಳು. ಏಟು ತಗಲಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ.

ಕತ್ತಿಯ ಸರದಾರ ಅಣ್ಣ. ಬಂದರಿನಲ್ಲಿ ಕ್ರೇನ್ ನಡೆಸುವವನು. ಅವನ ತಮ್ಮ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾನೆ. ಇಲ್ಲಿ ಗಿಡುಗ ಪಳಗಿಸಿದ ಬೇಟೆಗಾರ. ವೈರು ಎಲೆಕ್ಟ್ರಿಷಿಯನ್, ಇಲ್ಲಿ ಬಿಲ್ಲುಗಾರ.

ಹನ್ನೊಂದು ತಿಂಗಳಿಂದ ಅಣ್ಣ ತಮ್ಮ ಮಾತಾಡುತ್ತಿದ್ದುದು ಈ ಮೇಜಿನಲ್ಲಿ ಮಾತ್ರ, ಅದೂ ಸರದಾರ, ಬೇಟೆಗಾರ ಎಂದು ಕರೆದುಕೊಂಡು. ತಾಯಿಯ ಕಾಲಿನ ಗಾಯ ಕೊಳೆತಾಗ ಮಂಡಿಯ ಕೆಳಗೆ ಕತ್ತರಿಸಿ ತೆಗೆಯಲು ಒಪ್ಪಿ ಆಸ್ಪತ್ರೆಯಲ್ಲಿ ಸಹಿ ಹಾಕಿದವನು ತಮ್ಮ. ಅಣ್ಣ ಕ್ರೇನಿನ ಮೇಲಿದ್ದ. ಕೆಳಗಿನ ಕಚೇರಿಗೊಂದು ಫೋನ್ ಮಾಡಿದ್ದರೆ ಹತ್ತು ನಿಮಿಷದಲ್ಲಿ ಇಳಿಯುತ್ತಿದ್ದ. ತಮ್ಮ ಮಾಡಲಿಲ್ಲ. ತಾಯಿ ಉಳಿದಳು. "ಉಳಿಸಿದ್ದಕ್ಕೆ ತಕರಾರಿಲ್ಲ, ನನ್ನನ್ನ ಒಂದು ಮಾತು ಕೇಳ್ಬೇಕಿತ್ತು" ಎಂದ ಅಣ್ಣ ಆಮೇಲೆ ಬಾಯಿ ಬಿಗಿದುಕೊಂಡ.

ಇಲ್ಲಿ ಪಾತ್ರ ಸತ್ತರೆ ಆಡುವವನು ಎದ್ದು ಹೋಗಬೇಕು. ಕಥೆ ಮುಗಿಯುವ ತನಕ ಹೊಸ ಪಾತ್ರವಿಲ್ಲ. ಈ ಕಥೆ ಇನ್ನೂ ಒಂದು ವರ್ಷದ್ದು. ಅಣ್ಣನ ಕುರ್ಚಿ ಖಾಲಿಯಾದರೆ ಈ ನಾಲ್ಕು ಮಾತೂ ಇರುವುದಿಲ್ಲವೆಂದು ತಮ್ಮನಿಗೆ ಗೊತ್ತಿತ್ತು.

ಅಣ್ಣ ದಾಳ ಬಿಟ್ಟ. ತಪ್ಪಿತು. ದೈತ್ಯ ಹೊಡೆದ. ಸರದಾರನ ಪ್ರಾಣ ಮೂರು ಅಂಕಕ್ಕಿಳಿಯಿತು.

"ಬೇಟೆಗಾರ" ಎಂದು ಗ್ರಂಥಪಾಲಕಿ ಅರ್ಧ ನಿಮಿಷದ ಮರಳು ಗಡಿಯಾರವನ್ನು ಮಗುಚಿದರು. ಅದು ಓಡುವಷ್ಟು ಹೊತ್ತು ಸರದಿಯವನ ಹೊರತು ಯಾರೂ ತುಟಿ ಬಿಚ್ಚುವಂತಿಲ್ಲ.

ಗಿಡುಗಕ್ಕೆ ಎರಡು ಆಜ್ಞೆ ಕಲಿಸಿತ್ತು. 'ಕಣ್ಣಿಗೆ' ಎಂದರೆ ದೈತ್ಯನ ಮುಖಕ್ಕೆರಗಿ, ಮುಂದೆ ಹೊಡೆಯುವ ನಮ್ಮವನಿಗೆ ಎರಡು ಸಲ ದಾಳ ಕೊಡಿಸುತ್ತದೆ, ಹೆಚ್ಚು ಬಿದ್ದದ್ದು ಲೆಕ್ಕ. 'ಅಡ್ಡ' ಎಂದರೆ ನಡುವೆ ಹಾರಾಡಿ, ಹಿಂದೆ ಸರಿಯುವವನ ಬೆನ್ನಿಗೆ ಏಟು ಬೀಳದಂತೆ ಕಾಯುತ್ತದೆ. ಅಣ್ಣ ನಿಲ್ಲುವವನಾದರೆ 'ಅಡ್ಡ' ದಂಡ. ಓಡುವವನಾದರೆ 'ಕಣ್ಣಿಗೆ' ದಂಡ. ಮತ್ತೆ, ಗಿಡುಗ ಕೇಳುವುದು ಬೇಟೆಗಾರನ ದನಿಯೊಂದನ್ನೇ. ಒಂದು ಸರದಿಯಲ್ಲಿ ಆ ದನಿ ಹಕ್ಕಿಗೆ ಹೋಗಬೇಕು, ಇಲ್ಲ ಮನುಷ್ಯನಿಗೆ.

ತಮ್ಮ ಅಣ್ಣನ ಮುಖ ನೋಡಿದ. ಗೋಡೆಯಾದರೂ ಏನಾದರೂ ಹೇಳೀತು. ವೈರು ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು, ಈ ಸಲ ತಾನು ಹೊಡೆಯುವುದಿಲ್ಲವೆಂದು ಕಣ್ಣಲ್ಲೇ ಹೇಳುತ್ತಿದ್ದ. ಮರಳು ಅರ್ಧ ಇಳಿದಿತ್ತು.

ಅಣ್ಣ ನಿಲ್ಲುವವನೇ. ನೂರಕ್ಕೆ ತೊಂಬತ್ತು ಪಾಲು. 'ಕಣ್ಣಿಗೆ' ಎಂದುಬಿಟ್ಟರೆ ಮುಗಿಯಿತು. ಆಸ್ಪತ್ರೆಯಲ್ಲೂ ತಮ್ಮನಿಗೆ ಅಷ್ಟೇ ಖಾತ್ರಿಯಿತ್ತು.

"ಅಣ್ಣ, ನಿಲ್ತೀಯಾ, ಹಿಂದೆ ಬರ್ತೀಯಾ?"

ವೈರು ತಲೆಯ ಮೇಲೆ ಕೈಯಿಟ್ಟುಕೊಂಡ. ಗ್ರಂಥಪಾಲಕಿ ಗಡಿಯಾರವನ್ನು ಅಡ್ಡ ಮಲಗಿಸಿದರು. "ದನಿ ಮನುಷ್ಯನಿಗೆ ಹೋಯ್ತು, ಸರದಿ ಮುಗೀತು. ಗಿಡುಗ ಮೇಲೆ ಸುತ್ತುತ್ತಾ ಇದೆ, ಇಳಿಯೋದಿಲ್ಲ."

"ಮೇಡಂ, ಇಲ್ಲಿ ಅಣ್ಣ ಅನ್ನೋ ಪಾತ್ರಾನೇ ಇಲ್ಲ. ಅದನ್ನ ಲೆಕ್ಕಕ್ಕೆ ಹಿಡೀಬೇಡಿ" ಎಂದ ವೈರು.

"ಕೇಳಿದ್ದು ಕೇಳಿದ್ದೇ."

ಅಣ್ಣ ತಮ್ಮನನ್ನು ನೇರ ನೋಡಿದ. "ನಿಲ್ತೀನಿ."

ವೈರುವಿನ ಬಾಣ ದೈತ್ಯನ ಭುಜಕ್ಕೆ ತಗಲಿತು, ಸಾಲಲಿಲ್ಲ. ಅಣ್ಣನಿಗೆ ಬೇಕಿದ್ದದ್ದು ಹದಿನಾಲ್ಕು. ದಾಳವನ್ನು ಮುಷ್ಟಿಯಲ್ಲಿ ಹೆಚ್ಚು ಹೊತ್ತು ಇಟ್ಟುಕೊಳ್ಳದೆ ಬಿಟ್ಟ. ಅದು ಕಾಗದದ ಮಡಿಕೆಗೆ ತಾಗಿ ಒಂಬತ್ತರಲ್ಲಿ ನಿಂತಿತು. ದೈತ್ಯನ ದಾಳವನ್ನು ಗ್ರಂಥಪಾಲಕಿ ಎಲ್ಲರೆದುರೇ ಉರುಳಿಸಿದರು. ಹದಿನೆಂಟು.

ಸರದಾರ ಸತ್ತ. ಅಣ್ಣ ತನ್ನ ಪಾತ್ರದ ಹಾಳೆಯ ಮೇಲೆ ತಾರೀಖು ಬರೆದು ಗ್ರಂಥಪಾಲಕಿಯ ಫೈಲಿಗೆ ಸೇರಿಸಿದ. ಗೊಂಬೆಯನ್ನು ಜೇಬಿಗೆ ಹಾಕಿಕೊಂಡ.

"ಗಿಡುಗ ಇಟ್ಕೊಂಡು ಪ್ರಶ್ನೆ ಕೇಳಿದವನನ್ನ ನಾನು ಇವತ್ತೇ ನೋಡಿದ್ದು" ಎಂದ ವೈರು.

"ಸುಮ್ನಿರೋ ವೈರು" ಎಂದ ಅಣ್ಣ. ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತ, ತಮ್ಮನ ಕಡೆ ತಿರುಗದೆ ಹೇಳಿದ: "ಗುರುವಾರ ಹತ್ತು ಗಂಟೆಗೆ ಅಮ್ಮನ ಹೊಸ ಕಾಲಿಗೆ ಅಳತೆ ತಗೋತಾರೆ. ಮೆಟ್ಟಿಲು ಇಳಿಸೋಕೆ ಇಬ್ರು ಬೇಕು. ಬರೋಕಾಗುತ್ತಾ ನಿನಗೆ?"

"ಆಗುತ್ತೆ. ಒಂಬತ್ತಕ್ಕೇ ಬರ್ತೀನಿ."

"ಒಂಬತ್ತೂವರೆ ಸಾಕು."

ಹೆಜ್ಜೆ ಸದ್ದು ಕಾರಿಡಾರಿನಲ್ಲಿ ದೂರವಾಯಿತು. ಗ್ರಂಥಪಾಲಕಿ ಗಡಿಯಾರ ಮಗುಚಿದರು. ಸೇತುವೆಯ ಮೇಲೆ ದೈತ್ಯನ ಮುಂದೆ ಈಗ ಯಾರೂ ಇರಲಿಲ್ಲ.

"ಕಣ್ಣಿಗೆ" ಎಂದ ತಮ್ಮ. ವೈರು ದಾಳಕ್ಕೆ ಕೈ ಚಾಚಿದ.